ನಲವತ್ಮೂರನೆಯ ಗಂಟು

ಪರೀಕ್ಷೆಯ ವಾರದಲ್ಲಿ ನಮ್ಮೂರಿನ ನಿವೃತ್ತ ಮೇಷ್ಟ್ರುಗಳನ್ನು ಯಾರೂ ಊಟಕ್ಕೆ ಕರೆಯುವುದಿಲ್ಲ. ಕರೆದರೂ ಅವರು ಹೋಗುವುದಿಲ್ಲ. ಊರಿನ ಮಕ್ಕಳೆಲ್ಲ ನೋಟ್ಸು ಹಿಡಿದು ಕೂತಿರುವಾಗ ಅವರಿಗೆ ಒಂದು ತುತ್ತು ನೆಟ್ಟಗೆ ಗಂಟಲಲ್ಲಿ ಇಳಿಯುವುದಿಲ್ಲ. ಗಣಿತದ ಮೇಷ್ಟ್ರು ಮಜ್ಜಿಗೆ ಲೋಟ ಹಿಡಿದುಕೊಂಡು ಬಿಕ್ಕುತ್ತಿರುತ್ತಾರೆ, ವಿಜ್ಞಾನದ ಮೇಡಂ ಸೊಸೆಯ ಕೈಲಿ ಬೆನ್ನಿಗೆ ಗುದ್ದಿಸಿಕೊಳ್ಳುತ್ತಿರುತ್ತಾರೆ. ಯಾರಿಂದ ಕಲಿತದ್ದನ್ನು ಓದುತ್ತೇವೋ ಅವರಿಗೆ ಬಿಕ್ಕಳಿಕೆ ಬರುವುದು ನಮ್ಮೂರಲ್ಲಿ ಮೊದಲಿಂದ ನಡೆದು ಬಂದದ್ದು. ಬಾಯಲ್ಲಿ ಎಲ್ಲರೂ 'ಪ್ರಾಣ ಹೋಗ್ತದೆ ಕಣ್ರೀ' ಎಂದು ಗೊಣಗುತ್ತಾರೆ. ಮುಖ ನೋಡಬೇಕು, ಬೀಗರ ಮುಂದೆ ಮೀಸೆ ತಿರುವುವವರ ಹಾಗಿರುತ್ತದೆ. ಸತ್ತವರಿಗೆ ಬಿಕ್ಕಳಿಕೆಯ ಕಾಟವಿಲ್ಲವಲ್ಲ, ಅದಕ್ಕೇ ನಮ್ಮೂರ ಪಂಡಿತರೆಲ್ಲ ಬಹಳ ಹಿಂದೆ ತೀರಿಕೊಂಡವರ ಬಗ್ಗೆಯೇ ಬರೆಯುತ್ತಾರೆ.

ನನಗೆ ಮಾತ್ರ ಜನ್ಮದಲ್ಲಿ ಒಂದು ಸಲವೂ ಬಂದದ್ದಿಲ್ಲ. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಹೇಳಿದೆ. ಹೇಳಿದ್ದೆಲ್ಲ ನನ್ನ ಗುರುಗಳು ನನಗೆ ಹೇಳಿದ್ದೇ, ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ಹಾಗಾಗಿ ನನಗೆ ಬರಬೇಕಾದ ಬಿಕ್ಕಳಿಕೆಯೆಲ್ಲ ಅವರಿಗೇ ಹೋಯಿತು. ಎಂಬತ್ತು ದಾಟಿದ್ದ ಗುರುಗಳು ಒಮ್ಮೆ ಮೊಮ್ಮಗಳ ಕೈಲಿ, 'ಇನ್ನಾದರೂ ಸ್ವಂತದ್ದು ಏನಾದರೂ ಸೇರಿಸಿ ಹೇಳಪ್ಪ ಮರುಳಸಿದ್ದಯ್ಯ, ಒಂದು ವಾರದಿಂದ ನನಗೆ ನಿದ್ದೆಯಿಲ್ಲ' ಎಂದು ಹೇಳಿ ಕಳಿಸಿದರು. ಸ್ಟಾಫ್ ರೂಮಿನಲ್ಲಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಅತ್ತದ್ದು ನನ್ನ ಹೆಂಡತಿ ನೀಲಾಂಬಿಕೆಗೆ ಬಿಟ್ಟರೆ ಬೇರೆ ಯಾರಿಗೂ ಗೊತ್ತಿಲ್ಲ.

ಆವತ್ತಿನಿಂದಲೇ ಗಂಟುಗಳ ಬೆನ್ನು ಹತ್ತಿದೆ. ನಮ್ಮ ಸೀಮೆಯಲ್ಲಿ ಜನ ಯಾವ ಯಾವ ಗಂಟು ಹಾಕುತ್ತಾರೆ ಎಂದು ಯಾರೂ ಬರೆದಿರಲಿಲ್ಲ. ಹನ್ನೊಂದು ವರ್ಷ ಅಲೆದೆ. ತೊಟ್ಟಿಲಿನ ಗಂಟು, ಕೊಡದ ಕೊರಳಿನ ಗಂಟು, ಹೂ ಕಟ್ಟುವವರ ಗಂಟು, ನಾಟಕದ ಪರದೆಯ ಗಂಟು, ದನದ ಕಣ್ಣಿಯ ಗಂಟು, ಒಟ್ಟು ಅರವತ್ತೊಂದು ಗಂಟುಗಳನ್ನು ಚಿತ್ರ ಸಮೇತ ಬರೆದೆ. ಒಂಬತ್ತು ಅಧ್ಯಾಯ, ನಾನೂರು ಪುಟ. ಏಳನೆಯ ಅಧ್ಯಾಯ ನನ್ನ ಪ್ರಾಣ. ಜಗತ್ತಿನ ಗಂಟುಗಳೆಲ್ಲ ಎರಡೇ ಬಗೆ, ಕಟ್ಟಿದವರೇ ಬಿಚ್ಚಿಕೊಳ್ಳುವುದಕ್ಕೆ ಹಾಕುವ ಗಂಟು ಒಂದು, ಬೇರೆಯವರು ಬಿಚ್ಚಲಿ ಎಂದು ಹಾಕುವ ಗಂಟು ಇನ್ನೊಂದು ಎಂದು ಅದರಲ್ಲಿ ಸಿದ್ಧಾಂತ ಮಾಡಿದ್ದೆ. ಇದನ್ನು ಓದಿದಾಗ ಬಿಕ್ಕಳಿಕೆ ಬಂದರೆ ನನಗೇ ಬರಬೇಕು, ಬೇರೆ ಯಾರಿಗೂ ಬರಲು ಸಾಧ್ಯವಿಲ್ಲ ಎಂದು ಲೆಕ್ಕ ಹಾಕಿದ್ದೆ. ಅರವತ್ತೊಂದನೆಯ ವಯಸ್ಸಿನಲ್ಲಿ ನನಗೆ ಬೇಕಾಗಿದ್ದದ್ದು ಅದೊಂದೇ, ಒಂದು ಬಿಕ್ಕು.

ಹಸ್ತಪ್ರತಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಪ್ರೆಸ್ಸಿನ ದಸ್ತಗೀರ್ ಸಾಹೇಬರ ಹತ್ತಿರ ಹೋದೆ. ಅವರು ಬಟ್ಟೆಯನ್ನೂ ಬಿಚ್ಚಲಿಲ್ಲ.

"ಚೆನ್ನಾಜಮ್ಮನೋರಿಗೆ ತೋರಿಸಿದ್ರಾ ಮೇಷ್ಟ್ರೇ?"

"ನನ್ನದೇ ಬರವಣಿಗೆ ಸಾಹೇಬ್ರೇ, ಎರಡು ಸಲ ತಿದ್ದಿದೀನಿ."

"ನೀವು ತಿದ್ದಿರ್ತೀರಾ, ಇಲ್ಲ ಅನ್ನಲ್ಲ. ಸಂತೆ ಓದು ಆಗದೆ ಇದ್ರೆ ನಾನು ಅಚ್ಚು ಮುಟ್ಟಲ್ಲ. ಗಿಡಮೂಲಿಕೆ ಪುಸ್ತಕದ್ದು ಮರ್ತುಬಿಟ್ರಾ?"

ಮರೆಯುವ ಹಾಗಿರಲಿಲ್ಲ. ಹಿಂದೊಬ್ಬ ಪಂಡಿತರು ಅವಸರಕ್ಕೆ ಬಿದ್ದು ಮೂಲಿಕೆಗಳ ಪುಸ್ತಕವೊಂದನ್ನು ಹಾಗೇ ಅಚ್ಚು ಹಾಕಿಸಿಬಿಟ್ಟಿದ್ದರು. ಪುಟದ ಅಡಿಯಲ್ಲಿ ಕಲಿಸಿದವರ ಹೆಸರಿದ್ದರೆ ಬಿಕ್ಕಳಿಕೆ ಒಂದೇ ಬಿಕ್ಕಿಗೆ ನಿಲ್ಲುತ್ತದೆ. ಅಚ್ಚಾದ ಪುಸ್ತಕದಲ್ಲಿ ಹೆಸರಿಲ್ಲದಿದ್ದರೆ ಓದುವವರು ಪುಸ್ತಕ ಮುಚ್ಚುವ ತನಕ ಬಿಡುವುದಿಲ್ಲ. ಪಾಪ, ಮದ್ದು ಅರೆಯುವ ಮುದುಕಿಯೊಬ್ಬಳು ಎಂಟು ತಿಂಗಳು ಬಿಕ್ಕಿದಳು. ಕೊನೆಗೆ ಪಂಡಿತರೇ ಮನೆಮನೆಗೆ ಹೋಗಿ ಪ್ರತಿಗಳನ್ನು ವಾಪಸು ತರಬೇಕಾಯಿತು. ಆಮೇಲಿನಿಂದ ಶಾಸ್ತ್ರದ ಪುಸ್ತಕವೆಂದರೆ ಮೊದಲು ಸಂತೆಯಲ್ಲಿ ಓದಿ, ಬಿಕ್ಕಿದವರ ಹೆಸರು ಬರೆದುಕೊಂಡು, ಆಮೇಲೆ ಅಚ್ಚು. ತಪ್ಪು ಹುಡುಕುತ್ತ ತಿದ್ದುವ ಓದಿಗೆ ಮಾತ್ರ ಯಾರಿಗೂ ಬಿಕ್ಕು ಬರುವುದಿಲ್ಲ. ಅದನ್ನೆಲ್ಲ ಮಾಡಿಸಿಕೊಡುವವರು ಚೆನ್ನಾಜಮ್ಮ.

ಚೆನ್ನಾಜಮ್ಮನವರು ಅದೇ ಪ್ರೆಸ್ಸಿನಲ್ಲಿ ನಲವತ್ತು ವರ್ಷ ಅಚ್ಚಿನ ಮೊಳೆ ಜೋಡಿಸಿದವರು. ಎಪ್ಪತ್ತರ ಮೇಲಿನ ವಯಸ್ಸು, ಪುಸ್ತಕವನ್ನು ತಲೆಕೆಳಗು ಹಿಡಿದರೂ ಸರಾಗ ಓದುತ್ತಾರೆ. ಓದುವಾಗ ಬರೆದವರು ಬಾಯಿ ಬಿಡಬಾರದು ಎಂಬುದೊಂದೇ ಅವರ ಕರಾರು. ನನ್ನ ಮುನ್ನುಡಿಯಲ್ಲಿ ಹನ್ನೊಂದು ಪುಟ ಗಣ್ಯರಿಗೆ ಕೃತಜ್ಞತೆ ಬರೆದಿದ್ದೆ. ಅದನ್ನು ಪೂರ್ತಿ ಓದಿ ಕನ್ನಡಕ ತೆಗೆದರು.

"ಇವರಲ್ಲಿ ಗಂಟು ಹಾಕಕ್ಕೆ ಬರೋರು ಯಾರು ಮೇಷ್ಟ್ರೇ?"

"ಅಮ್ಮ, ಅವರೆಲ್ಲ ದೊಡ್ಡ ಮನುಷ್ಯರು. ಪ್ರೋತ್ಸಾಹ…"

"ಪಂಚೆ ಕಟ್ಟಕ್ಕೂ ಆಳು ಬೇಕು ಇವರಿಗೆ. ಇವರ ಹೆಸರು ಎಷ್ಟು ಸಲ ಓದಿದ್ರೂ ಒಂದು ಬಿಕ್ಕು ಹುಟ್ಟಲ್ಲ. ಸಂತೇಲಿ ನಿಮಗೇ ನಾಚಿಕೆ" ಎಂದು ಹನ್ನೊಂದು ಪುಟವನ್ನೂ ಮಡಚಿ ಒಲೆಯ ಪಕ್ಕ ಇಟ್ಟರು.

ಮೂರು ತಿಂಗಳು ಹೀಗೇ ನಡೆಯಿತು. 'ವಿದ್ವಾಂಸರ ಅಭಿಪ್ರಾಯದಂತೆ' ಎಂದು ನಲವತ್ತು ಕಡೆ ಬರೆದಿದ್ದೆ. ನಲವತ್ತು ಕಡೆಯೂ ಅವರು ಕೇಳಿದ್ದು ಒಂದೇ, "ಯಾವ ವಿದ್ವಾಂಸ? ಮನೆ ಎಲ್ಲೈತೆ?" ಉತ್ತರ ಬಾರದ ಕಡೆ ಗೀಟು ಬಿತ್ತು. ಮೊದಲ ಅಧ್ಯಾಯದಲ್ಲಿ ಗಂಟು ಎಂದರೇನು ಎಂಬ ಚರ್ಚೆ ಹತ್ತು ಪುಟವಿತ್ತು. "ಗಂಟು ಗೊತ್ತಿಲ್ದೋನು ನಿಮ್ಮ ಪುಸ್ತಕ ತಗೊಳ್ಳಲ್ಲ, ಗೊತ್ತಿರೋನಿಗೆ ಇದು ಬೇಡ" ಎಂದು ಅದನ್ನೂ ತೆಗೆದರು. ಚಿತ್ರಗಳನ್ನು ಹಿಂದಿನ ಪುಟಗಳಿಂದ ಕಿತ್ತು ಆಯಾ ಗಂಟಿನ ಪಕ್ಕಕ್ಕೇ ತಂದರು, ಹಗ್ಗ ಕೈಯಲ್ಲಿರುವವನು ಪುಟ ತಿರುವುವುದು ಯಾವ ಕೈಯಿಂದ ಎಂದು ಕೇಳಿದರು. ನಾನು ಎರಡು ಸಲ ಮುನಿಸಿಕೊಂಡು ಎದ್ದು ಬಂದೆ. ಎರಡು ಸಲವೂ ನೀಲಾಂಬಿಕೆ ನನ್ನನ್ನು ವಾಪಸು ಅಟ್ಟಿದಳು. ನಾನೂರು ಪುಟ ನೂರಾ ಎಂಬತ್ತಕ್ಕೆ ಇಳಿಯಿತು. ಹೇಳಬಾರದು, ಓದುವುದಕ್ಕೆ ನನಗೇ ಹಿತವಾಗತೊಡಗಿತು.

ಏಳನೆಯ ಅಧ್ಯಾಯದ ಬಗ್ಗೆ ಮಾತ್ರ ಚೆನ್ನಾಜಮ್ಮ ತುಟಿ ಬಿಚ್ಚಲಿಲ್ಲ. ನಾನೇ ತಡೆಯಲಾರದೆ ಕೇಳಿದೆ, "ಹೇಗಿದೆ ಅಮ್ಮ? ಇದು ಮಾತ್ರ ನನ್ನ ಸ್ವಂತದ್ದು."

"ಸಂತೇಲಿ ನೋಡಾನ" ಎಂದರು.

ಗುರುವಾರದ ಸಂತೆ. ಬೆಳಗಿನ ವ್ಯಾಪಾರದ ಗಡಿಬಿಡಿ ಮುಗಿದ ಮೇಲೆ ಚೆನ್ನಾಜಮ್ಮ ಕಟ್ಟೆಯ ಮೇಲೆ ಕೂತು ದೊಡ್ಡ ದನಿಯಲ್ಲಿ ಓದಲು ಶುರು ಮಾಡಿದರು. ನಾನು ನೋಟ್ ಬುಕ್ ಹಿಡಿದು, ನೀಲಾಂಬಿಕೆ ನೀರಿನ ಬಿಂದಿಗೆ ಹೊತ್ತು, ಸಂತೆಯಲ್ಲಿ ಸುತ್ತತೊಡಗಿದೆವು. ಮೂರನೆಯ ಗಂಟಿಗೆ ಹೂವಿನ ಸಾವಂತ್ರಮ್ಮ ಬಿಕ್ಕಿದಳು. ಅವಳ ಹೆಸರು ಮೊದಲೇ ಬರೆದಿದ್ದೆ. ಒಂಬತ್ತಕ್ಕೆ ಕುಂಬಾರರ ಸಾಲಿನಿಂದ ಎರಡು ಬಿಕ್ಕು ಬಂತು. ನಾಟಕದ ಪರದೆಯ ಗಂಟನ್ನು ಓದಿದಾಗ, ಎಲ್ಲೋ ಮೂಲೆಯಲ್ಲಿ ಬದನೆಕಾಯಿ ಆರಿಸುತ್ತಿದ್ದ ಮುದುಕನೊಬ್ಬ ಬೆಚ್ಚಿಬಿದ್ದು ಬಿಕ್ಕಿದ. ಯಾವುದೋ ಕಾಲದಲ್ಲಿ ಕಂಪನಿಯಲ್ಲಿ ಪರದೆ ಎಳೆಯುತ್ತಿದ್ದನಂತೆ. ನನಗೆ ಕಲಿಸಿದವನಿಗೆ ಕಲಿಸಿದವನು. "ನಂದು ಇನ್ನೂ ಐತಾ? ಪರದೆ ಗಂಟು ಇನ್ನೂ ಐತಾ?" ಎಂದು ಕೇಳಿದ. ಇದೆ ಎಂದು ಹೆಸರು ಬರೆದುಕೊಂಡೆ. ನನ್ನ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ.

ಕಳ್ಳ ಬಿಕ್ಕಿನವರೂ ಇರುತ್ತಾರೆ. ಪುಸ್ತಕದಲ್ಲಿ ಹೆಸರು ಬರಲಿ ಎಂಬ ಆಸೆ. ಜವಳಿ ಅಂಗಡಿ ಯಜಮಾನರು ಪುಟಕ್ಕೊಂದು ಸಲ ಬಿಕ್ಕುತ್ತಿದ್ದರು. ಅದಕ್ಕೆ ಚೆನ್ನಾಜಮ್ಮನ ಹತ್ತಿರ ಮದ್ದಿದೆ. ದನಿ ನಿಲ್ಲಿಸಿ ಕಣ್ಣಲ್ಲೇ ಓದುತ್ತಾರೆ. ಈಗ ಯಾವ ಸಾಲಿನಲ್ಲಿದ್ದಾರೆ ಎಂದು ಯಾರಿಗೂ ಗೊತ್ತಾಗುವುದಿಲ್ಲ. ನಿಜವಾದ ಬಿಕ್ಕು ಸರಿಯಾದ ಸಾಲಿಗೆ ತಾನಾಗಿ ಬರುತ್ತದೆ. ಕಳ್ಳನಿಗೆ ಯಾವಾಗ ಬಿಕ್ಕಬೇಕೆಂದೇ ತಿಳಿಯುವುದಿಲ್ಲ. ಯಜಮಾನರು ತಪ್ಪು ಹೊತ್ತಿಗೆ ಬಿಕ್ಕಿ ಸಿಕ್ಕಿಬಿದ್ದು, "ಬೆಳಗ್ಗೆ ಮೆಣಸಿನಕಾಯಿ ಬಜ್ಜಿ ತಿಂದಿದ್ದೆ" ಎಂದು ಅಂಗಡಿಗೆ ಹೋದರು.

ಏಳನೆಯ ಅಧ್ಯಾಯ ಬಂತು. 'ಗಂಟುಗಳು ಎರಡು ಬಗೆ' ಎಂದು ಅವರು ಓದಿದರು. ನನ್ನೊಳಗೆ ಏನೂ ಆಗಲಿಲ್ಲ. ಒಂದು ಕ್ಷಣ ಕಾದೆ, ಎರಡು ಕ್ಷಣ ಕಾದೆ. ಆಮೇಲೆ, ನಾಚಿಕೆ ಬಿಟ್ಟು ಹೇಳುತ್ತೇನೆ, ನಾನೇ ಬಿಕ್ಕಿದೆ. ಜೋರಾಗಿ, ಎಲ್ಲರಿಗೂ ಕೇಳುವ ಹಾಗೆ.

ಅದರ ಬೆನ್ನಿಗೇ ಇಡೀ ಸಂತೆ ಬಿಕ್ಕಿತು. ತರಕಾರಿಯವರು, ಮಡಕೆಯವರು, ಮೂಟೆ ಹೊರುವವರು, ಕೊಳ್ಳಲು ಬಂದವರು, ಹಗ್ಗದ ಕರಿಯಣ್ಣ, ಕೊನೆಗೆ ಬಿಂದಿಗೆ ಹೊತ್ತ ನೀಲಾಂಬಿಕೆಯೂ. ಅವಳ ಬಿಕ್ಕಿಗೆ ನೀರು ತುಳುಕಿ ನನ್ನ ನೋಟ್ ಬುಕ್ಕಿನ ಮೇಲೆ ಚೆಲ್ಲಿತು. ಮುನ್ನೂರು ಜನಕ್ಕೂ ಮೇಲೆ. ಬಿಕ್ಕುತ್ತ ಬಿಕ್ಕುತ್ತ ಒಬ್ಬರ ಮುಖ ಒಬ್ಬರು ನೋಡಿ ನಗತೊಡಗಿದರು.

"ಅಯ್ಯೋ, ಇದನ್ನೂ ಬರೀಬೇಕಾ ಮೇಷ್ಟ್ರೇ?" ಎಂದಳು ಸಾವಂತ್ರಮ್ಮ. "ನಮ್ಮ ಯಜಮಾನ್ರ ಬುತ್ತಿಗೆ ಹಾಕೋ ಗಂಟೇ ಬೇರೆ, ನನ್ನ ಎಲೆ ಅಡಿಕೆ ಚೀಲಕ್ಕೆ ಹಾಕ್ಕೊಳ್ಳೋ ಗಂಟೇ ಬೇರೆ. ನಿಮ್ಮನೇಲಿ ಹಂಗಲ್ವಾ?"

ನಮ್ಮ ಮನೆಯಲ್ಲೂ ಹಾಗೇ ಇತ್ತು. ನಾನು ನೋಡಿ ನೋಡಿಯೇ ಬರೆದಿದ್ದೆ, ನೋಡಿದ್ದನ್ನೇ ಮರೆತಿದ್ದೆ. ಚೆನ್ನಾಜಮ್ಮ ದನಿ ನಿಲ್ಲಿಸಿ ಅದೇ ಪುಟವನ್ನು ಕಣ್ಣಲ್ಲಿ ಓದಿದರು. ಸಂತೆ ಮತ್ತೆ ಬಿಕ್ಕಿತು, ನಾನು ಬಿಕ್ಕಲಿಲ್ಲ. ಅವರು ನನ್ನ ಕಡೆ ಒಮ್ಮೆ ನೋಡಿದರು. ಸಾಸಿವೆ ಮೂಟೆಯ ಮೇಲೆ ಕುಸಿದು ಕೂತೆ.

ಅವರು ಕಟ್ಟೆಯಿಂದ ಇಳಿದು ಬಂದು ಪಕ್ಕದಲ್ಲಿ ಕೂತರು.

"ಮೊದಲನೇ ಬಿಕ್ಕು ಸುಳ್ಳು ಅಮ್ಮ" ಎಂದೆ.

"ಗೊತ್ತು. ನಿಜದ ಬಿಕ್ಕು ಅಷ್ಟು ಜೋರಿರಲ್ಲ."

"ಹನ್ನೊಂದು ವರ್ಷ ಅಲೆದು ಇವರಿಗೆಲ್ಲ ಗೊತ್ತಿದ್ದದ್ದನ್ನೇ ಬರೆದೆ. ನಂದು ಅನ್ನೋದು ಒಂದು ಸಾಲೂ ಇಲ್ಲ. ಕಟ್ಟಿ ಅಟ್ಟಕ್ಕೆ ಎಸೆದುಬಿಡ್ತೀನಿ."

"ಮುನ್ನೂರು ಜನ ಬಿಕ್ಕಿದ್ರು ಅಂದ್ರೆ ನೀವು ಬರ್ದಿದ್ದು ನಿಜ ಅಂತ. ಸುಳ್ಳಾಗಿದ್ರೆ ಒಂದು ಸೊಳ್ಳೆ ಕೂಡ ಬಿಕ್ತಿರಲಿಲ್ಲ. ನಾನು ನಲವತ್ತು ವರ್ಷ ಮೊಳೆ ಜೋಡಿಸಿದೀನಿ, ಇಡೀ ಸಂತೆ ಬಿಕ್ಕಿದ್ದು ಇವತ್ತೇ ನೋಡಿದ್ದು. ಇನ್ನೂ ಎರಡು ಅಧ್ಯಾಯ ಐತೆ, ಏಳಿ ಮೇಲೆ."

ಎದ್ದೆ. ಎಂಟನೆಯ ಅಧ್ಯಾಯ ದನಕರುಗಳ ಕಣ್ಣಿಯದು. ಎಲ್ಲ ನನಗೆ ಕರಿಯಣ್ಣನೇ ಹೇಳಿಕೊಟ್ಟದ್ದು. ಅವನು ಹಗ್ಗ ಹೊಸೆದು ಮಾರುವವನು, ಅವನ ಹೆಸರು ಪುಟಪುಟದ ಅಡಿಯಲ್ಲೂ ಇತ್ತು. ನಲವತ್ತೊಂದಕ್ಕೆ ಬಿಕ್ಕಿದ, ನಲವತ್ತೆರಡಕ್ಕೆ ಬಿಕ್ಕಿದ. ಚೆನ್ನಾಜಮ್ಮ ನಲವತ್ಮೂರು ಓದಿದರು: 'ಗೂಟಕ್ಕೆ ಎರಡು ಸುತ್ತು ತಂದು, ಹಗ್ಗದ ತುದಿಯನ್ನು ಮಡಚಿ ಎರಡನೆಯ ಸುತ್ತಿನ ಕೆಳಗಿನಿಂದ ಹಾಯಿಸಿ ಬಿಗಿಯಬೇಕು.'

ಕರಿಯಣ್ಣ ಸುಮ್ಮನಿದ್ದ.

ಅವರು ಇನ್ನೊಮ್ಮೆ ಓದಿದರು. "ಕರಿಯಣ್ಣ, ಉಸಿರಾಡ್ತಾ ಇದೀಯೇನೋ?"

"ಇದೀನಿ ಕಣಮ್ಮೋ. ಬತ್ತಾ ಇಲ್ಲ."

ಹೆಸರಿಲ್ಲದವನು ಬಿಕ್ಕಿದರೆ ಹೆಸರು ಸೇರಿಸಬಹುದು. ಹೆಸರಿದ್ದವನು ಬಿಕ್ಕದಿದ್ದರೆ ಪುಸ್ತಕದಲ್ಲೇ ಎಲ್ಲೋ ತಪ್ಪಿದೆ ಎಂದರ್ಥ. ಚೆನ್ನಾಜಮ್ಮನ ಹುಬ್ಬು ಗಂಟಿಕ್ಕಿತು. ಮೂರನೆಯ ಸಲ ಓದಿದರು. ಮೊದಲೆರಡು ಸಲ ತೇಗೆಂದು ನುಂಗಿಕೊಂಡದ್ದು ಈಗ ನನ್ನ ಎದೆಗೂಡಿನ ಕೆಳಗೆ ಮತ್ತೆ ಮಿಸುಕಾಡಿತು. ಸಣ್ಣದು. 'ಹಿಕ್' ಅಂತ.

ಬಾಯಿ ಮುಚ್ಚಿಕೊಂಡೆ. ಪಕ್ಕದಲ್ಲಿದ್ದ ಸಾವಂತ್ರಮ್ಮ ಬಿಡಬೇಕಲ್ಲ. "ಮೇಷ್ಟ್ರು ಮತ್ತೆ ಶುರು ಹಚ್ಕೊಂಡ್ರು!" ಎಂದು ಕೂಗಿದಳು. ಜನ ಹೋ ಎಂದರು. ಇವರಿಗೆ ಬಿಡಿ, ನನಗೇ ನಂಬಿಕೆ ಬರಲಿಲ್ಲ. ಆಸೆಗೆ ಬಂದದ್ದಿರಬಹುದು ಎಂದುಕೊಂಡೆ.

ಚೆನ್ನಾಜಮ್ಮ ಕೈ ಎತ್ತಿದರು, ಸಂತೆ ತಣ್ಣಗಾಯಿತು. ಹಸ್ತಪ್ರತಿಯನ್ನು ಮುಖಕ್ಕೆ ಅಡ್ಡ ಹಿಡಿದು ಕಣ್ಣಲ್ಲಿ ಓದತೊಡಗಿದರು. ಯಾವ ಪುಟವೋ, ಯಾವ ಸಾಲೋ ಕಾಣುತ್ತಿರಲಿಲ್ಲ. ಪುಟ ಮುಂದಕ್ಕೆ ತಿರುಗಿತು, ಹಿಂದಕ್ಕೆ ತಿರುಗಿತು. ಕುಂಬಾರನೊಬ್ಬ ಬಿಕ್ಕಿದ. ಸಾವಂತ್ರಮ್ಮ ಬಿಕ್ಕಿದಳು. ಆಮೇಲೆ ನನಗೆ ಬಂತು. ಅವರು ತಲೆದೂಗಿ ಬೇರೆಲ್ಲೋ ಹೋದರು, ಕರಿಯಣ್ಣ ಬಿಕ್ಕಿದ. ಮತ್ತೆ ವಾಪಸು ಬಂದರು, ನನಗೆ ಬಂತು. ಮೂರನೆಯ ಸಲವೂ ಬಂದಾಗ ಅವರು ಹಸ್ತಪ್ರತಿ ಕೆಳಗಿಳಿಸಿ ನಕ್ಕರು. ಆ ಮೂರು ತಿಂಗಳಲ್ಲಿ ಅವರ ಹಲ್ಲು ನೋಡಿದ್ದು ಅದೇ ಮೊದಲು.

ಕರಿಯಣ್ಣ ಹಗ್ಗ ಹಿಡಿದು ಬಂದು ಮತ್ತೊಮ್ಮೆ ನಿಧಾನವಾಗಿ ಓದಿಸಿಕೊಂಡ. ಓದಿದ ಹಾಗೇ ಕಟ್ಟೆಯ ಕಲ್ಲುಗೂಟಕ್ಕೆ ಸುತ್ತಿ ನೋಡಿದ. "ಇದು ನನ್ನ ಗಂಟಲ್ಲ ಮೇಷ್ಟ್ರೇ. ನಂದ್ರಲ್ಲಿ ತುದಿ ಮ್ಯಾಲಿಂದ ಬತ್ತದೆ. ನೀವು ಕೆಳಗಿಂದ ತಂದಿದೀರ."

ನೆನಪಾಯಿತು. ಅವನ ಕೊಟ್ಟಿಗೆಗೆ ಆವತ್ತು ನೋಟ್ ಬುಕ್ ಒಯ್ದಿರಲಿಲ್ಲ. ಮನೆಗೆ ಬಂದು ನೆನಪಿನಿಂದ ಬರೆದಿದ್ದೆ, ನೆನಪಿನಿಂದಲೇ ಚಿತ್ರವನ್ನೂ ಎಳೆದಿದ್ದೆ. "ತಪ್ಪಾಗಿದೆ ಕರಿಯಣ್ಣ" ಎಂದೆ.

ಅವನು ಆಗಲೇ ಪಕ್ಕದವರ ಟಗರನ್ನು ತಂದು ಅದೇ ಹಗ್ಗಕ್ಕೆ ಕಟ್ಟುತ್ತಿದ್ದ. ಟಗರು ನಾಲ್ಕು ಹೆಜ್ಜೆ ಹಿಂದೆ ಹೋಗಿ ಜಗ್ಗಿತು. ಗಂಟು ಇನ್ನೂ ಬಿಗಿಯಾಯಿತು. ಇಬ್ಬರು ಸೇರಿ ಜಗ್ಗಿದರು, ಅಲ್ಲಾಡಲಿಲ್ಲ. ಕರಿಯಣ್ಣ ಹಗ್ಗದ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದ. ಇಡೀ ಗಂಟು ಸಲೀಸಾಗಿ ಬಿಚ್ಚಿಕೊಂಡಿತು. ಟಗರು ಸೌತೆಕಾಯಿ ರಾಶಿಯ ಕಡೆ ಓಡಿತು. ಅವನು ಗೂಟವನ್ನೇ ನೋಡುತ್ತ ಹೇಳಿದ, "ತಪ್ಪೇ. ಆದ್ರೆ ಕೆಟ್ಟುದ್ದೇನಲ್ಲ ಬುಡಿ."

ಹನ್ನೊಂದು ವರ್ಷದ ಪುಸ್ತಕದಲ್ಲಿ ನನ್ನದು ಅಂತ ಇದ್ದದ್ದು ಒಂದು ತಪ್ಪು. ನನಗಾದ ಸಂತೋಷ ಹೇಳತೀರದು. ಮನೆ ತನಕ ನೆಲ ಕಾಣದೆ ನಡೆದೆ. ಮನೆಯಲ್ಲಿ ಕೂತಾಗ ಸಂಕಟ ಶುರುವಾಯಿತು. ಆ ಪುಟವನ್ನು ತಿದ್ದಿದರೆ ನನ್ನದು ಹೋಯಿತು. ತಿದ್ದದಿದ್ದರೆ ಕರಿಯಣ್ಣ ಹಾಕದ ಗಂಟು ಕರಿಯಣ್ಣನ ಹೆಸರಿನಲ್ಲಿ ಉಳಿಯುತ್ತದೆ, ಅವನ ಗಂಟು ಪುಸ್ತಕಕ್ಕೇ ಸೇರುವುದಿಲ್ಲ. ಎರಡು ದಿನ ಊಟ ರುಚಿಸಲಿಲ್ಲ. "ಕರಿಯಣ್ಣನ ಹತ್ರಾನೇ ಹಗ್ಗ ಕೊಳ್ಳೋಕೆ ಹೋಗ್ಬೇಕು ಅನ್ನೋದು ಜ್ಞಾಪಕ ಇಟ್ಕೊಂಡು ತೀರ್ಮಾನ ಮಾಡಿ" ಎಂದಳು ನೀಲಾಂಬಿಕೆ. ಮೂರನೆಯ ದಿನ ಹೋಗಿ ಚೆನ್ನಾಜಮ್ಮನಿಗೆ ಹೇಳಿದೆ, "ತಿದ್ದಿಬಿಡಿ ಅಮ್ಮ. ಕರಿಯಣ್ಣನದು ಕರಿಯಣ್ಣನಿಗೆ ಸೇರಲಿ."

ಅವರು ಹಾಳೆಯೊಂದನ್ನು ಮುಂದೆ ತಳ್ಳಿದರು. ಆ ಪುಟವನ್ನು ಆಗಲೇ ಸರಿಯಾಗಿ ಬರೆದಿಟ್ಟಿದ್ದರು. "ನೀವು ಈ ಮಾತು ಹೇಳದೆ ಇದ್ದಿದ್ರೆ ನಿಮ್ಮ ಪುಸ್ತಕ ವಾಪಸು ಕೊಡ್ತಿದ್ದೆ. ಈಗ ಕೇಳಿ. ಪುಸ್ತಕದ ಕೊನೇಲಿ ತಪ್ಪೋಲೆ ಅಂತ ಒಂದು ಪುಟ ಇರ್ತದೆ, ತಪ್ಪೆಲ್ಲ ಪಟ್ಟಿ ಮಾಡೋದು. ಅಲ್ಲಿ ಬರೀರಿ, ನಲವತ್ಮೂರನೇ ಗಂಟನ್ನ ನಾನು ಮೊದಲು ತಪ್ಪಾಗಿ ಹೀಗೆ ಹಾಕಿದ್ದೆ ಅಂತ. ಕೆಳಗೆ ನಿಮ್ಮ ಹೆಸರು ಹಾಕಿ."

"ಒಂದು ಪುಟ್ಟ ಅಧ್ಯಾಯವೇ ಮಾಡಿದ್ರೆ?"

"ಅದನ್ನೇನು ನೀವು ಹುಡುಕಿದ್ರಾ? ತಪ್ಪಿದ್ರಿ. ತಪ್ಪಿಗೆ ಅದರದ್ದೇ ಜಾಗ ಐತೆ."

"ತಪ್ಪೋಲೆ ಯಾರಮ್ಮ ಓದ್ತಾರೆ?"

"ಯಾರೂ ಓದಲ್ಲ" ಎಂದರು. ಸುಳ್ಳು ಸಮಾಧಾನ ಹೇಳುವ ಅಭ್ಯಾಸ ಅವರಿಗಿಲ್ಲ. ನಾನು ಅಲ್ಲೇ ಕೂತು ಐದು ಸಾಲು ಬರೆದೆ, ಚಿತ್ರ ಎಳೆದೆ, ಕೆಳಗೆ ಮರುಳಸಿದ್ದಯ್ಯ ಎಂದು ರುಜು ಹಾಕಿದೆ.

ಪುಸ್ತಕ ಬಂತು. ಏಳನೆಯ ಅಧ್ಯಾಯಕ್ಕೆ ಮುನ್ನೂರ ಹದಿನೆಂಟು ಹೆಸರು. ಅಡಿಯಲ್ಲಿ ಹಿಡಿಸುವುದಿಲ್ಲವೆಂದು ದಸ್ತಗೀರ್ ಸಾಹೇಬರು ಹೆಸರುಗಳನ್ನು ಮೇಲೆ ತುಂಬಿ, ನನ್ನ ಮಾತನ್ನು ಪುಟಕ್ಕೆ ಎರಡು ಸಾಲಿನಂತೆ ಕೆಳಗೆ ಹಾಕಿದ್ದರು. ಶಾಸ್ತ್ರದ ಗ್ರಂಥವೊಂದು ಸಂತೆಯಲ್ಲಿ ತರಕಾರಿಗಿಂತ ಮೊದಲು ಖಾಲಿಯಾದದ್ದನ್ನು ಈ ಕಣ್ಣಿಂದ ನೋಡಿದೆ. ಎಲ್ಲರೂ ಅವರವರ ಹೆಸರಿದ್ದ ಪುಟ ತೆಗೆದು ಓದುವವರೇ, ಓದಿಸಿ ಕೇಳುವವರೇ. ಒಂದು ವಾರ ಊರಿಗೆ ಊರೇ ಬಿಕ್ಕಿತು. ಪರದೆಯ ಮುದುಕ ದಿನಕ್ಕೆ ಹತ್ತು ಸಲ ತನ್ನ ಪುಟವನ್ನು ತಾನೇ ಓದಿಕೊಂಡು ಬಿಕ್ಕುತ್ತಿದ್ದನಂತೆ. ನನ್ನ ಗುರುಗಳು ಆಳು ಕಳಿಸಿ ಒಂದು ಪ್ರತಿ ತರಿಸಿಕೊಂಡು, 'ಪೂರ್ತಿ ಓದಿದೆ, ನನಗೆ ಒಂದು ಬಿಕ್ಕೂ ಬರಲಿಲ್ಲ, ಶಹಬ್ಬಾಸ್' ಎಂದು ಬರೆದು ಕಳಿಸಿದರು. ಆ ಚೀಟಿಯನ್ನು ಜೇಬಿನಲ್ಲೇ ಇಟ್ಟುಕೊಂಡು ತಿರುಗಿದೆ. ಅವರೂ ತಪ್ಪೋಲೆಯ ತನಕ ಬಂದಿರಲಿಲ್ಲ. ಬಂದಿದ್ದರೆ ನನಗೆ ಗೊತ್ತಾಗುತ್ತಿತ್ತು.

ಒಂದು ತಿಂಗಳಾಯಿತು. ಏನೂ ಇಲ್ಲ. ಸರಿ, ಒಂದು ಗುರುವಾರ ನಾಲ್ಕಾರು ಸಲ ಬಂತಲ್ಲ, ಅಷ್ಟು ಸಾಕು ಎಂದು ನನಗೆ ನಾನೇ ಹೇಳಿಕೊಂಡೆ. ನಿಜವಾಗಿಯೂ ಸಾಕೆನ್ನಿಸಿತ್ತು.

ಮೊನ್ನೆ ಬುಧವಾರ ಹನ್ನೊಂದು ಗಂಟೆಯ ಹೊತ್ತಿಗೆ ಮುಕುಡಪ್ಪನ ಕ್ಷೌರದಂಗಡಿಯಲ್ಲಿ ಕೂತಿದ್ದೆ. ಎಡಗೆನ್ನೆ ಮುಗಿದು ಬಲಗೆನ್ನೆಗೆ ನೊರೆ ಹಚ್ಚಿದ್ದ. ಕತ್ತಿ ಇನ್ನೇನು ಗದ್ದಕ್ಕೆ ತಾಗಬೇಕು, 'ಹಿಕ್' ಎಂದಿತು. ಮುಕುಡಪ್ಪ ಗಾಬರಿಯಿಂದ ಕತ್ತಿ ಎತ್ತಿದ.

"ಮೇಷ್ಟ್ರೇ! ಕುಯ್ದೇ ಹೋಗಿರೋದು! ಯಾರೋ ನಿಮ್ದು ಓದ್ತಾವ್ರೆ."

ನಾನು ಉಸಿರು ಬಿಗಿಹಿಡಿದು ಕೂತೆ. ಒಂದು ಬಿಕ್ಕು, ನಿಂತಿತು. ಹೆಸರು ಹಾಕಿದ್ದೆನಲ್ಲ, ಒಂದಕ್ಕೇ ನಿಲ್ಲಬೇಕು. ಸ್ವಲ್ಪ ಹೊತ್ತಾದ ಮೇಲೆ ಇನ್ನೊಂದು ಬಂತು. ಮತ್ತೆ ಬಿಡುವು, ಮತ್ತೊಂದು. ಪುಸ್ತಕ ಮುಂದಿಟ್ಟುಕೊಂಡು ಸುಮ್ಮನೆ ಓದುವವರು ಹೀಗೆ ಓದುವುದಿಲ್ಲ. ಒಂದು ಸಾಲು ಓದಿ, ಕೈಯಾಡಿಸಿ, ತಪ್ಪಿ, ಬಿಚ್ಚಿ, ಮತ್ತೆ ಅದೇ ಸಾಲಿಗೆ ಬರುತ್ತಿದ್ದಾರೆ. ಯಾರೋ, ಎಲ್ಲೋ, ಕೈಯಲ್ಲಿ ಹಗ್ಗ ಹಿಡಿದಿದ್ದಾರೆ. ಕನ್ನಡಿಯಲ್ಲಿ ನೋಡಿದೆ. ಅರ್ಧ ಮುಖದ ನೊರೆಯ ಮೇಲೆ ಕಣ್ಣೀರು ಇಳಿಯುತ್ತಿತ್ತು, ನಾನು ನಗುತ್ತಿದ್ದೆ.

"ಕತ್ತಿ ಯಾವಾಗ ಮುಟ್ಟಿಸ್ಲಿ?" ಎಂದ ಮುಕುಡಪ್ಪ.

"ತಡಿಯಪ್ಪ" ಎಂದೆ, "ಅವರಿಗಿನ್ನೂ ಗಂಟು ಬಂದಿಲ್ಲ."